ಸೂಜಿಗೆ ಬಗ್ಗದ ರೋಗಾಣು

ಹತ್ತಿ ಬೆಳೆದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಒಂದೇ ಔಷಧ ವರ್ಷ ವರ್ಷ ಹೊಡೆದರೆ ಕಾಯಿಕೊರಕ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲು ಒಂದು ಸಲಕ್ಕೆ ಸಾಯುತ್ತಿದ್ದ ಹುಳ ಆಮೇಲೆ ನಾಲ್ಕು ಸಲ ಹೊಡೆದರೂ ಜಪ್ಪಯ್ಯ ಅನ್ನೋದಿಲ್ಲ. ದನ, ಕುರಿ, ಕೋಳಿಗೆ ಕೊಡುವ ಆಂಟಿಬಯೋಟಿಕ್ ಔಷಧದಲ್ಲೂ ಈಗ ಇದೇ ಕತೆ. ಹುಳ ಕಣ್ಣಿಗೆ ಕಾಣುತ್ತೆ, ರೋಗಾಣು ಕಾಣೋದಿಲ್ಲ. ಅಷ್ಟೇ ವ್ಯತ್ಯಾಸ.

ಮಳೆ ಕೈಕೊಟ್ಟ ವರ್ಷ ನಮ್ಮಂಥ ಬೆದ್ದಲು ಹೊಲದವರ ಮನೆ ನಡೆಸೋದು ಒಂದು ಹಸು, ನಾಲ್ಕು ಕುರಿ. ಅವು ಕಾಯಿಲೆ ಬಿದ್ದಾಗ ಔಷಧ ನಾಟದಿದ್ದರೆ ನಮಗೆ ಉಳಿಯೋದು ಗೂಟ, ಕಣ್ಣಿ ಎರಡೇ.

ಒಗ್ಗುವುದು ಹೇಗೆ?

ಕೆಚ್ಚಲು ಬಾವು ಬಂದ ಹಸುವಿನ ಕೆಚ್ಚಲಲ್ಲಿ ಲೆಕ್ಕವಿಲ್ಲದಷ್ಟು ರೋಗಾಣು ಇರುತ್ತವೆ. ಅದರಲ್ಲಿ ಎಲ್ಲೋ ಒಂದೆರಡು ಗಟ್ಟಿ ಪಿಂಡ. ಡೋಸು ಕಡಿಮೆ ಕೊಟ್ಟರೆ ಅಥವಾ ಅರ್ಧಕ್ಕೇ ನಿಲ್ಲಿಸಿದರೆ ಮೆತ್ತನೆಯವು ಸತ್ತು ಗಟ್ಟಿ ಇದ್ದವು ಉಳಿಯುತ್ತವೆ. ಅನುಕೂಲ ಸಿಕ್ಕರೆ ಕೆಲವು ರೋಗಾಣು ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತವೆ. ಸಾಲದ್ದಕ್ಕೆ ಈ ಗುಣವನ್ನು ಬೇರೆ ಜಾತಿಯ ರೋಗಾಣುವಿಗೂ ದಾಟಿಸುತ್ತವೆ, ಪಕ್ಕದ ಹೊಲದವನಿಗೆ ಬೀಜ ಕಡ ಕೊಟ್ಟ ಹಾಗೆ.

1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ ಅವರೇ 1945ರ ನೊಬೆಲ್ ಭಾಷಣದಲ್ಲಿ, ಕಡಿಮೆ ಡೋಸಿನಿಂದ ರೋಗಾಣು ಒಗ್ಗಿಕೊಳ್ಳುತ್ತದೆ ಅಂತ ಎಚ್ಚರಿಸಿದ್ದರು.

ಕೊಲಿಸ್ಟಿನ್ ಕಲಿಸಿದ ಪಾಠ

ಕೊಲಿಸ್ಟಿನ್ ಒಂದು ಹಳೇ ಔಷಧ. ಬೇರೆಲ್ಲಾ ಔಷಧ ಸೋತಾಗ ಆಸ್ಪತ್ರೆಯಲ್ಲಿ ಮನುಷ್ಯರಿಗೆ ಕೊಡುವಂಥದ್ದು. ಅದನ್ನೇ ಎಷ್ಟೋ ದೇಶಗಳಲ್ಲಿ ತೂಕ ಬರಲಿ ಅಂತ ಕೋಳಿ, ಹಂದಿಯ ಮೇವಿಗೆ ಬೆರೆಸುತ್ತಿದ್ದರು. 2015ರಲ್ಲಿ ಚೀನಾದ ವಿಜ್ಞಾನಿಗಳು ಕೊಲಿಸ್ಟಿನ್‌ಗೆ ಬಗ್ಗದ ರೋಗಾಣುವನ್ನು ಹಂದಿಯಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಕಂಡರು. ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುವ ಗುಣ ಅದು. ಬಹುಬೇಗ ಬೇರೆ ದೇಶಗಳಲ್ಲೂ ಸಿಕ್ಕಿತು. 2017ರಲ್ಲಿ ಚೀನಾ ಮೇವಿಗೆ ಬೆರೆಸೋದನ್ನು ನಿಲ್ಲಿಸಿತು. ನಮ್ಮ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕೆ ಸಾಕುವ ಪ್ರಾಣಿ, ಕೋಳಿ, ಮೀನಿಗೆ ಕೊಲಿಸ್ಟಿನ್ ಬಳಸಬಾರದೆಂದು ನಿಷೇಧಿಸಿತು.

ಕಾಡುಪ್ರಾಣಿಗೆ ಯಾರು ಸೂಜಿ ಹಾಕಿದರು?

ಯಾರೂ ಹಾಕಿಲ್ಲ. ಆದರೂ ಎಷ್ಟೋ ದೇಶಗಳ ಕಾಡುಹಕ್ಕಿ, ಇಲಿಗಳಲ್ಲಿ ಇಂಥ ರೋಗಾಣು ಸಿಕ್ಕಿವೆ. ಕೊಟ್ಟ ಔಷಧದಲ್ಲಿ ಒಂದಷ್ಟು ಸಗಣಿ, ಗಂಜಲದಲ್ಲಿ ಹೊರಗೆ ಬರುತ್ತದೆ. ತಿಪ್ಪೆಯಿಂದ ಹೊಲಕ್ಕೆ, ಹೊಲದಿಂದ ಮಳೆನೀರಿನ ಜತೆ ಕೆರೆಗೆ. ಬಯಲಿಗೆಸೆದ ಸತ್ತ ಕೋಳಿಯನ್ನು ನಾಯಿ, ನರಿ, ಹದ್ದು ತಿನ್ನುತ್ತವೆ.

ಇನ್ನೊಂದು ಸೋಜಿಗ ಕೇಳಿ. ಯೂರೋಪಿನಲ್ಲಿ ಮೈಮೇಲೆಲ್ಲಾ ಮುಳ್ಳಿರುವ ಒಂದು ಪುಟ್ಟ ಪ್ರಾಣಿ ಇದೆ. ಅದರ ಚರ್ಮದ ಮೇಲೆ ಬೆಳೆಯುವ ಒಂದು ಬೂಷ್ಟು ಪೆನಿಸಿಲಿನ್ ತರಹದ ವಸ್ತುವನ್ನು ತಾನೇ ತಯಾರಿಸುತ್ತದೆ. ಅದಕ್ಕೆ ಒಗ್ಗಿದ ರೋಗಾಣು ಸುಮಾರು 200 ವರ್ಷದ ಹಿಂದೆಯೇ ಅಲ್ಲಿತ್ತು ಅಂತ 2022ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಅಂದರೆ ಈ ಗುಣ ಪ್ರಕೃತಿಯಲ್ಲಿ ಮೊದಲೇ ಇತ್ತು. ಅದಕ್ಕೆ ನೀರು ಗೊಬ್ಬರ ಹಾಕಿ ಬೆಳೆಸುತ್ತಿರೋದು ಮನುಷ್ಯರು.

ನಮ್ಮ ಕೈಲಾದದ್ದು

* ಕಾಲುಬಾಯಿ ಜ್ವರ, ಚರ್ಮಗಂಟು ರೋಗ, ಕುರಿಗಳ ಪಿ.ಪಿ.ಆರ್. ಇವು ವೈರಸ್ ರೋಗ. ಆಂಟಿಬಯೋಟಿಕ್ ವೈರಸ್ಸನ್ನು ಕೊಲ್ಲೋದಿಲ್ಲ. ಹುಣ್ಣು ಕೀವಾದಾಗ ಕೊಡಬೇಕೋ ಬೇಡವೋ ಡಾಕ್ಟರು ಹೇಳಲಿ. ಲಸಿಕೆ ಮಾತ್ರ ತಪ್ಪಿಸಬೇಡಿ.

* ಕೆಚ್ಚಲು ಬಾವು ಮರುಕಳಿಸಿದರೆ ಅದೇ ಸೂಜಿ ಮತ್ತೆ ಮತ್ತೆ ಹಾಕಿಸುವ ಮೊದಲು ಹಾಲಿನ ಪರೀಕ್ಷೆ ಮಾಡಿಸಿ. ಯಾವ ಔಷಧಕ್ಕೆ ರೋಗಾಣು ಸಾಯುತ್ತದೆ ಅಂತ ಗೊತ್ತಾಗುತ್ತದೆ.

* ಹಾಲು ಕರೆದ ಮೇಲೆ ಅರ್ಧ ಗಂಟೆ ಹಸು ಮಲಗದಂತೆ ಮುಂದೆ ಮೇವು ಹಾಕಿ. ಮೊಲೆಯ ತೂತು ಮುಚ್ಚಿಕೊಳ್ಳಲು ಹೊತ್ತು ಬೇಕು.

* ಸೂಜಿ ಹಾಕಿಸಿದ ಮೇಲೆ ಡಾಕ್ಟರು ಹೇಳಿದಷ್ಟು ದಿನ ಹಾಲು ಡೇರಿಗೆ ಹಾಕಬೇಡಿ, ಕರುವಿಗೂ ಕುಡಿಸಬೇಡಿ. ಕುದಿಸಿದರೆ ರೋಗಾಣು ಸಾಯುತ್ತದೆ, ಔಷಧದ ಅಂಶ ಪೂರ್ತಿ ಹೋಗೋದಿಲ್ಲ. ಇಂಥ ಹಾಲಿಗೆ ಹೆಪ್ಪು ಹಾಕಿದರೆ ಎಷ್ಟೋ ಸಲ ಮೊಸರೂ ಆಗೋದಿಲ್ಲ.

* ಉಳಿದ ಔಷಧವನ್ನು ಇನ್ನೊಂದು ದನಕ್ಕೆ ಅಂದಾಜಿನ ಮೇಲೆ ಹಾಕಬೇಡಿ.

* ಕೊಂಡು ತಂದ ಕೋಳಿಗೊಬ್ಬರ ನೇರ ಹೊಲಕ್ಕೆ ಬೇಡ. ಗುಡ್ಡೆ ಹಾಕಿ, ನೀರು ಚಿಮುಕಿಸಿ, ಮಗುಚಿ, ಚೆನ್ನಾಗಿ ಕಾವು ಬರಿಸಿ ಕಳಿಸಿ. ರೋಗಾಣು ಪೂರ್ತಿ ಹೋಗದಿದ್ದರೂ ಬಹಳ ಕಡಿಮೆಯಾಗುತ್ತವೆ.

* ಸತ್ತ ಪ್ರಾಣಿಯನ್ನು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ.

ಹೊಸ ಆಂಟಿಬಯೋಟಿಕ್ ಬರೋದು ಈಗ ಅಪರೂಪ. ಇರುವುದನ್ನೇ ಬಿತ್ತನೆ ಕಾಳಿನ ಹಾಗೆ ಜೋಪಾನ ಮಾಡಬೇಕು. ಸೂಜಿ ಇಲ್ಲದೆ, ಬರೀ ಹಟ್ಟಿಯ ಚೊಕ್ಕಟದಿಂದಲೇ ಕೆಚ್ಚಲು ಬಾವು ತಡೆದವರು ನಿಮ್ಮಲ್ಲಿದ್ದರೆ ಹೇಗೆ ಮಾಡಿದಿರಿ ಅಂತ ಪತ್ರಿಕೆಗೆ ಬರೆಯಿರಿ. ನಾಲ್ಕು ಮನೆಗೆ ಉಪಕಾರವಾದೀತು.