ಚರ್ಚ್ ಸ್ಟ್ರೀಟಿನಿಂದ ಗಾಂಧಿ ಬಜಾರಿಗೆ

ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣದಲ್ಲಿ ಇಳಿದು ಅಡ್ಡರಸ್ತೆ ಹಿಡಿದರೆ ಚರ್ಚ್ ಸ್ಟ್ರೀಟ್. ಕಲ್ಲು ಹಾಸಿದ ಈ ಬೀದಿಯಲ್ಲಿ ಎಷ್ಟೋ ಹೋಟೆಲುಗಳು ಬಂದವು, ಹೋದವು. ಪುಸ್ತಕದಂಗಡಿಗಳು ಬೇರು ಬಿಟ್ಟಿವೆ. ಬ್ಲಾಸಮ್ ಅಂಗಡಿಯ ಮಾಯಿ ಗೌಡರು ಎಂಜಿನಿಯರಿಂಗ್ ಓದಿದವರು, ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಮಾರುತ್ತ ಬೆಳೆದವರು. ಒಳಗೆ ಕಪಾಟುಗಳ ನಡುವೆ ಮೈ ಓರೆ ಮಾಡಿಕೊಂಡೇ ನಡೆಯಬೇಕು.

ಕಾದಂಬರಿಗಳನ್ನು ದಾಟಿ ಅಪರಾಧ ಲೋಕದ ಪುಸ್ತಕಗಳತ್ತ ಹೋದೆ. ಎಸ್. ಹುಸೇನ್ ಜೈದಿಯವರ ‘ಡೋಂಗ್ರಿ ಟು ದುಬೈ’ (2012) ಮುಂಬೈ ಭೂಗತ ಜಗತ್ತಿನ ಆರು ದಶಕಗಳ ಚರಿತ್ರೆ. ಅದರಲ್ಲಿ ನನ್ನನ್ನು ಕಾಡುವುದು ಗುಂಡಿನ ಸದ್ದಲ್ಲ, ಒಂದು ಮನೆಯ ಸಂಗತಿ: ಆ ಜಗತ್ತಿನ ದೊರೆ ದಾವೂದ್‌ನ ತಂದೆ ಪೊಲೀಸ್ ಹೆಡ್ ಕಾನ್‌ಸ್ಟೆಬಲ್ ಆಗಿದ್ದವರು. ಅಣ್ಣತಮ್ಮಂದಿರು, ಕೇರಿ, ಕೊಟ್ಟ ಮಾತು, ತೀರಿಸಬೇಕಾದ ಹಗೆ. ಯಾರು ಯಾರನ್ನು ನಂಬಿದರು ಎಂಬುದೇ ಅಲ್ಲಿನ ಕಥೆ.

ಕಂಪ್ಯೂಟರ್ ಪುಸ್ತಕಗಳಲ್ಲಿ ಹೆಚ್ಚಿನವು ಬೇಗ ಹಳತಾಗುತ್ತವೆ. ಹಾಗಾಗದೆ ಉಳಿದದ್ದು ಫ್ರೆಡ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ‘ದಿ ಮಿಥಿಕಲ್ ಮ್ಯಾನ್-ಮಂತ್’. ಐಬಿಎಂನ ಓಎಸ್/360 ತಂತ್ರಾಂಶದ ಹೊಣೆ ಹೊತ್ತು ಬೆಂದವರು ಅವರು. ತಡವಾದ ಪ್ರಾಜೆಕ್ಟಿಗೆ ಇನ್ನಷ್ಟು ಜನರನ್ನು ತುಂಬಿದರೆ ಅದು ಮತ್ತೂ ತಡವಾಗುತ್ತದೆ ಎಂದರು. ಹೊಸಬರಿಗೆ ಕಲಿಸಲು ಹಳಬರೇ ಕೂರಬೇಕು. ಜನ ಹೆಚ್ಚಿದಷ್ಟೂ ಮಾತುಕತೆ ಹೆಚ್ಚುತ್ತದೆ. ಹತ್ತು ಜನರ ನಡುವೆ 45 ಜೋಡಿ, ಇಪ್ಪತ್ತಾದರೆ 190. ಇದೂ ಮನುಷ್ಯರ ಪುಸ್ತಕವೇ. ಪ್ರೋಗ್ರಾಮಿಂಗ್ ಬಾರದವರೂ ಓದಬಹುದು, ಓದಬೇಕು.

ಕುಟುಂಬ ಚರಿತ್ರೆಗಳಲ್ಲಿ ಕುಂಬಾರಿಕೆಯ ಕಲಾವಿದ ಎಡ್ಮಂಡ್ ಡಿ ವಾಲ್ ಬರೆದ ‘ದಿ ಹೇರ್ ವಿತ್ ಆ್ಯಂಬರ್ ಐಸ್’ ಕೈಗೆ ಬಂತು. ಬಳುವಳಿಯಾಗಿ ಬಂದ 264 ಪುಟ್ಟ ಜಪಾನಿ ಕೆತ್ತನೆಗಳ ಬೆನ್ನು ಹತ್ತಿ ತನ್ನ ಯಹೂದಿ ಮನೆತನದ ಏಳುಬೀಳನ್ನು ಅವರು ಹುಡುಕುತ್ತಾರೆ. ನಾಜಿಗಳು ವಿಯೆನ್ನಾದ ಮನೆ ದೋಚುವಾಗ ಅವನ್ನು ಹಾಸಿಗೆಯೊಳಗೆ ಬಚ್ಚಿಟ್ಟು ಉಳಿಸಿದ್ದು ಮನೆಗೆಲಸದ ಅನ್ನಾ. ಸುಜಾತಾ ಗಿಡ್ಲರ ‘ಆ್ಯಂಟ್ಸ್ ಅಮಂಗ್ ಎಲಿಫೆಂಟ್ಸ್’ (2017) ನನಗೆ ಇನ್ನೂ ಹತ್ತಿರ. ಆಂಧ್ರದ ದಲಿತ ಕುಟುಂಬವೊಂದರಲ್ಲಿ ಬಳುವಳಿಯಾಗಿ ಬಂದದ್ದು ಅಕ್ಷರ ಮತ್ತು ಅವಮಾನ. ಎರಡನ್ನೂ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಮತ್ತೆ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ನ್ಯಾಷನಲ್ ಕಾಲೇಜಿನಲ್ಲಿ ಇಳಿದು ಗಾಂಧಿ ಬಜಾರಿನ ಅಂಕಿತ ಪುಸ್ತಕಕ್ಕೆ ನಡೆದೆ. ಇದೇ ಮೂರು ಬಗೆಯನ್ನು ಕನ್ನಡದಲ್ಲಿ ನೋಡುವ ಆಸೆ. ಭೂಗತ ಲೋಕಕ್ಕೆ ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಇದೆ. ಒಳಗಿದ್ದವರೇ ಬರೆದದ್ದು, 2007ರ ‘ಆ ದಿನಗಳು’ ಚಿತ್ರಕ್ಕೆ ಮೂಲ. ಮನೆಯ ಕಥೆಗೆ ವಸುಧೇಂದ್ರರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಇದೆ. ಅವರು ಹಲವು ವರ್ಷ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಆದರೆ ಆ ಕೆಲಸದ ಒಳಗನ್ನೇ ಬ್ರೂಕ್ಸ್‌ರಂತೆ ಬಿಚ್ಚಿಡುವ ಕನ್ನಡ ಪುಸ್ತಕ ನನಗೆ ಸಿಗಲಿಲ್ಲ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಆ ದಶಕದಲ್ಲಿ ಈ ಊರಿನ ಕಂಪನಿಗಳಿಗೆ ಸೇರಿದವರು ಈಗ ನಿವೃತ್ತರಾಗಿದ್ದಾರೆ, ಆಗುತ್ತಿದ್ದಾರೆ. ಅವರಲ್ಲಿ ಕನ್ನಡ ಬರೆಯಬಲ್ಲವರು ಬೇಕಾದಷ್ಟಿದ್ದಾರೆ. ದಯವಿಟ್ಟು ಬರೆಯಿರಿ: ಹಾಳಾದ ಪ್ರಾಜೆಕ್ಟುಗಳನ್ನೂ, ಗೆದ್ದವುಗಳನ್ನೂ, ಜತೆಗಿದ್ದವರ ಹೆಸರು ಹಿಡಿದು.