ಒತ್ತು ಸರಿದಾಗ ಸ್ವರ ಮಲಗುತ್ತದೆ

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿದವರು ‘ಮುದ್ದೇನಳ್ಳಿಗೆ ಒಂದು ಕೊಡಿ’ ಎನ್ನುತ್ತಾರೆ. ಹಕಾರ ಎಲ್ಲಿ ಹೋಯಿತೆಂದು ಕಂಡಕ್ಟರ್ ಕೇಳುವುದಿಲ್ಲ. ಗೌರಿಬಿದನೂರು ಬಾಯಲ್ಲಿ ‘ಗೌರಿಬಿದ್ನೂರು’, ಹುಡುಗ ‘ಹುಡ್ಗ’, ಕುದುರೆ ‘ಕುದ್ರೆ’. ನಡುವಿನ ಸ್ವರ ಜಾರಿದ್ದು ಹೇಳಿದವರಿಗೂ ತಿಳಿಯದು, ಕೇಳಿದವರಿಗೂ ತಿಳಿಯದು. ಇದೇ ನಾವು ಇಂಗ್ಲಿಷ್ ಪುಸ್ತಕ ತೆರೆದರೆ ಮಾತ್ರ ಒಂದಕ್ಷರವನ್ನೂ ಬಿಡದೆ ತೂಗಿ ತೂಗಿ ಓದುತ್ತೇವೆ. ನಾನೂ ವರ್ಷಗಟ್ಟಲೆ ಹಾಗೆಯೇ ಓದಿದವನು.

ಇಂಗ್ಲಿಷಿನ ಸೊಗಸು ಸ್ವರಗಳನ್ನು ಮಲಗಿಸುವುದರಲ್ಲಿದೆ. ಪದದ ಒಂದು ಭಾಗಕ್ಕೆ ಒತ್ತು ಬಿದ್ದರೆ ಅಕ್ಕಪಕ್ಕದ ಸ್ವರಗಳು ಬಣ್ಣ ಕಳೆದುಕೊಂಡು ಒಂದು ಮಂಕು ‘ಅ’ ಆಗಿಬಿಡುತ್ತವೆ. ಆಗ ನಾಲಗೆ ಬಾಯಿಯ ನಡುವೆ ಸುಮ್ಮನಿರುತ್ತದೆ, ತುಟಿ ಸಡಿಲವಾಗಿರುತ್ತದೆ. ಇದಕ್ಕೆ ‘ಷ್ವಾ’ ಎಂದು ಹೆಸರು. ಹೀಬ್ರೂ ವ್ಯಾಕರಣದಿಂದ ಬಂದ ಮಾತು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕೇಳಿಸುವ ಸ್ವರ ಇದೇ ಆದರೂ ಇದಕ್ಕೆ ಸ್ವಂತದ ಅಕ್ಷರವಿಲ್ಲ. ‘ಅಬೌಟ್’ ಪದದಲ್ಲಿ ‘ಎ’ಯ ಮನೆಯಲ್ಲಿ, ‘ಟೇಕನ್’ನಲ್ಲಿ ‘ಇ’ಯ ಮನೆಯಲ್ಲಿ, ‘ಪೆನ್ಸಿಲ್’ನಲ್ಲಿ ‘ಐ’ಯ ಮನೆಯಲ್ಲಿ, ‘ಡಾಕ್ಟರ್’ನಲ್ಲಿ ‘ಓ’ದ ಮನೆಯಲ್ಲಿ, ‘ಸಪೋರ್ಟ್’ನಲ್ಲಿ ‘ಯು’ವಿನ ಮನೆಯಲ್ಲಿ ಬಿಡಾರ ಹೂಡುತ್ತದೆ.

ಒತ್ತು ನಿಂತಲ್ಲಿ ನಿಲ್ಲುವುದಿಲ್ಲ ಎಂಬುದು ಇನ್ನೂ ದೊಡ್ಡ ಬೆರಗು. ಅದನ್ನು ತೋರಿಸಲು ಮುದ್ದೇನಹಳ್ಳಿಯಲ್ಲೇ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನ ಪದಗಳೇ ಸಾಕು. ‘ಎಂಜಿನ್’ ಎನ್ನುವಾಗ ಒತ್ತು ಮೊದಲಲ್ಲಿ. ‘ಎಂಜಿನಿಯರ್’ ಎಂದಕೂಡಲೇ ಕೊನೆಯ ‘ನಿಯರ್’ ಅದನ್ನು ತನ್ನತ್ತ ಎಳೆದುಕೊಳ್ಳುತ್ತದೆ. 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಅಳವಡಿಸಿದ ಗೇಟುಗಳು ‘ಆಟೊಮ್ಯಾಟಿಕ್’. ಅಲ್ಲಿ ಒತ್ತು ‘ಮ್ಯಾ’ ಮೇಲೆ. ‘ಇಕ್’ ಎಂದು ಮುಗಿಯುವ ಪದಗಳಲ್ಲಿ ಬಹುಪಾಲು ಹೀಗೆಯೇ, ‘ಇಕ್’ನ ಹಿಂದಿನ ಸ್ಥಾನಕ್ಕೇ ಒತ್ತು.

1934ರಲ್ಲಿ ಬಂದ ಅವರ ಪುಸ್ತಕ ‘ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ’. ‘ಎಕಾನಮಿ’ಯಲ್ಲಿ ‘ಕಾ’ ಎದ್ದು ನಿಂತಿದೆ, ‘ನ’ ಮಲಗಿದೆ. ‘ಎಕನಾಮಿಕ್’ ಎನ್ನಿ: ಈಗ ‘ನಾ’ ಎದ್ದಿತು, ‘ಕ’ ಮಲಗಿತು. ಇಂಗ್ಲಿಷ್ ಬರವಣಿಗೆಯಲ್ಲಿ ಎರಡೂ ಕಡೆ ಇರುವುದು ಅದೇ ‘ಓ’ ಅಕ್ಷರ. ಕಣ್ಣಿಗೆ ಏನೂ ಬದಲಾಗಿಲ್ಲ. ಕನ್ನಡ ಲಿಪಿಯಲ್ಲಿ ಬರೆದರೆ ಮಾತ್ರ ದೀರ್ಘ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದದ್ದು ಕಾಣುತ್ತದೆ. ಇಂಗ್ಲಿಷ್ ಕಾಗುಣಿತ ಬಚ್ಚಿಟ್ಟದ್ದನ್ನು ನಮ್ಮ ಅಕ್ಷರ ಬಯಲು ಮಾಡುತ್ತದೆ ಎನ್ನುವುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ.

ಆಡುಗನ್ನಡದ ಅಭ್ಯಾಸ ಹಾಗಾದರೆ ಒದಗುವುದಿಲ್ಲವೇ? ಅರ್ಧ ಒದಗುತ್ತದೆ. ನಾವು ಸ್ವರವನ್ನು ಪೂರ್ತಿ ಕಿತ್ತುಹಾಕುತ್ತೇವೆ, ಆದರೆ ಪದದ ಮೊದಲ ಸ್ವರವನ್ನು ಮುಟ್ಟುವುದಿಲ್ಲ. ಇಂಗ್ಲಿಷ್ ಮೊದಲನೆಯದನ್ನೂ ಬಿಡದೆ ಮಂಕಾಗಿಸುತ್ತದೆ, ಆದರೆ ಸಾಮಾನ್ಯವಾಗಿ ಜಾಗವನ್ನು ಉಳಿಸಿರುತ್ತದೆ. ಲಯವೂ ಬೇರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಎಣಿಸಿದ ಕಿವಿ ನಮ್ಮದು. ಇಂಗ್ಲಿಷ್ ನಡೆಯುವುದು ಒತ್ತಿನಿಂದ ಒತ್ತಿಗೆ. ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಲ್ಲಿ ಅರ್ಥವಾಗುವುದಿಲ್ಲ ಎಂದು ಪರೀಕ್ಷಿಸಿದ ಆರ್. ಕೆ. ಬನ್ಸಲ್ 1969ರ ತಮ್ಮ ಪುಸ್ತಕದಲ್ಲಿ ಒತ್ತು ಮತ್ತು ಲಯವನ್ನು ಮುಖ್ಯ ಕಾರಣಗಳಲ್ಲಿ ಸೇರಿಸಿದರು. ಮಕ್ಕಳಿಗೆ ನಾಲಗೆ ಹೊರಳಿಸುವುದನ್ನು ಕಲಿಸುವ ಮೊದಲು ತಾಳ ಹಾಕುವುದನ್ನು ಕಲಿಸಬೇಕೆಂದು ನಾನು ನಂಬಿರುವುದು ಇದಕ್ಕೇ.

ವಿಶ್ವೇಶ್ವರಯ್ಯನವರ ಆ ಪುಸ್ತಕದ ಹೆಸರನ್ನೇ ಮೇಜಿನ ಮೇಲೆ ಬೆರಳು ತಟ್ಟುತ್ತ ಹೇಳಿ ನೋಡಿ. ಮೂರೇ ಪೆಟ್ಟು: ‘ಪ್ಲಾನ್ಡ್’, ‘ಕಾ’, ‘ಇಂ’. ಮೊದಲೆರಡು ಪೆಟ್ಟುಗಳ ನಡುವೆ ಇರುವುದು ‘ಎ’ ಒಂದೇ. ಆಮೇಲಿನ ಎರಡರ ನಡುವೆ ‘ನ’, ‘ಮಿ’, ‘ಫಾರ್’ ಮೂರೂ ಹಿಡಿಯಬೇಕು. ಹಿಡಿಸಲು ಹೊರಟರೆ ‘ಫಾರ್’ ತಾನಾಗಿಯೇ ಸಣ್ಣದೊಂದು ‘ಫರ್’ ಆಗುತ್ತದೆ.