ಆಸ್ಪತ್ರೆಯ ಮೊದಲ ಬಾಗಿಲು

ಬಳ್ಳಾರಿ ಜಿಲ್ಲೆಯ ಕೊರೊನಾ ದಿನಗಳ ಮಾತು ಬಂದರೆ ಎರಡು ಚಿತ್ರಗಳು ಮುಂದೆ ಬರುತ್ತವೆ. ಒಂದು, 2020ರ ಜೂನ್ ಕೊನೆಯಲ್ಲಿ ನಾಡಿನ ಫೋನುಗಳಲ್ಲೆಲ್ಲ ಹರಿದಾಡಿದ ವಿಡಿಯೊ. ಕವರಿನಲ್ಲಿ ಸುತ್ತಿದ ಶವಗಳನ್ನು ಒಂದೇ ಗುಂಡಿಗೆ ಎಸೆಯುತ್ತಿದ್ದ ದೃಶ್ಯ ಅದು. ಸಿಬ್ಬಂದಿ ಅಮಾನತಾದರು, ಜಿಲ್ಲಾಧಿಕಾರಿ ಕ್ಷಮೆ ಕೇಳಿದರು. ಇನ್ನೊಂದು, 2021ರ ಮೇನಲ್ಲಿ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ಬಳಿ ಎದ್ದ ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ. ಕಾರ್ಖಾನೆಯಿಂದಲೇ ಕೊಳವೆಯಲ್ಲಿ ಆಕ್ಸಿಜನ್ ಹರಿಸಿದ್ದು ಅದರ ಹೆಗ್ಗಳಿಕೆ. ಒಂದು ನಾಚಿಕೆಯ ಚಿತ್ರ, ಒಂದು ಹೆಮ್ಮೆಯದು. ಆದರೆ ಎರಡೂ ಕಾಯಿಲೆಯ ಕಟ್ಟಕಡೆಯ ಹಂತದವು. ಬಳ್ಳಾರಿ ನಗರದ ಮಗ್ಗುಲಿನ ಹಲಕುಂದಿಯಲ್ಲೋ, ದೂರದ ಸಿರುಗುಪ್ಪ ಸೀಮೆಯ ಭತ್ತದ ಗದ್ದೆಗಳ ನಡುವಿನ ಹಳ್ಳಿಯಲ್ಲೋ ಜ್ವರ ಹತ್ತಿ ಮಲಗಿದವರು ಆ ಹಾಸಿಗೆಯ ತನಕ ಬರುವುದು ಹೇಗೆ ಎಂಬುದನ್ನು ಈ ಚಿತ್ರಗಳು ಹೇಳುವುದಿಲ್ಲ. ಆ ದಾರಿಯ ಮೊದಲ ಬಾಗಿಲಲ್ಲಿ ನಿಂತಿದ್ದವಳು ಆಶಾ ಕಾರ್ಯಕರ್ತೆ. ಸಾಂಕ್ರಾಮಿಕದ ಕಾಲದಲ್ಲಿ ಹಳ್ಳಿಯವರಿಗೆ ಚಿಕಿತ್ಸೆ ಸಿಕ್ಕುವುದು ಬಿಡುವುದು ದೊಡ್ಡಾಸ್ಪತ್ರೆಯ ಹಾಸಿಗೆಗಳ ಲೆಕ್ಕಕ್ಕಿಂತ ಹೆಚ್ಚಾಗಿ ಈ ಬಾಗಿಲನ್ನು ನಂಬಿಕೊಂಡಿತ್ತು ಎಂಬುದು ನನ್ನ ವಾದ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಹುಟ್ಟಿದ ಆಶಾ ವ್ಯವಸ್ಥೆಯ ಕಟ್ಟಳೆ ಸರಳ. ಸುಮಾರು ಸಾವಿರ ಜನಕ್ಕೆ ಒಬ್ಬಳು. ಆಕೆ ಆ ಊರಿನ ಸೊಸೆಯೋ ಮಗಳೋ ಆಗಿರಬೇಕು, ಒಂದಿಷ್ಟು ಓದಿರಬೇಕು. ಅವಳ ಮೇಲೆ ಐದು ಸಾವಿರ ಜನಕ್ಕೊಂದು ಉಪಕೇಂದ್ರ, ಅಲ್ಲೊಬ್ಬ ನರ್ಸಮ್ಮ. ಅದರ ಮೇಲೆ ಮೂವತ್ತು ಸಾವಿರಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ತಾಲ್ಲೂಕು ಆಸ್ಪತ್ರೆ, ಕೊನೆಗೆ 1961ರಲ್ಲಿ ವೈದ್ಯಕೀಯ ಕಾಲೇಜಾಗಿ ಶುರುವಾಗಿ, ಕೊರೊನಾ ಕಾಲದಲ್ಲಿ ವಿಮ್ಸ್ ಎನಿಸಿದ್ದ ಬಳ್ಳಾರಿಯ ದೊಡ್ಡಾಸ್ಪತ್ರೆ. ಕಾಗದದ ಮೇಲೆ ಇದು ಚೊಕ್ಕ ಏಣಿ. ಅನಂತಪುರ, ಕರ್ನೂಲು ಕಡೆಯ ರೋಗಿಗಳೂ ಬರುವ ವಿಮ್ಸ್‌ಗೆ ಹಲಕುಂದಿಯವರು ಮಾಮೂಲು ದಿನಗಳಲ್ಲಿ ನಡುವಿನ ಮೆಟ್ಟಿಲುಗಳನ್ನೆಲ್ಲ ದಾಟಿ ನೇರವಾಗಿ ಹೋಗಿಬಿಡುತ್ತಾರೆ. ಆದರೆ 2020ರ ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆಯಿತು, ಬಸ್ಸುಗಳು ನಿಂತವು. ಜಿಲ್ಲಾಸ್ಪತ್ರೆ ಕೋವಿಡ್ ಆಸ್ಪತ್ರೆಯಾಗಿ, ಮಿಕ್ಕ ಕಾಯಿಲೆಯವರು ಎಲ್ಲಿಗೆ ಹೋಗಬೇಕೆಂಬುದೇ ಗೊಂದಲವಾಯಿತು. ಕುರುಗೋಡು, ಸಿರುಗುಪ್ಪದವರಿಗಂತೂ ಬಳ್ಳಾರಿ ಒಮ್ಮೆಗೇ ದೂರದ ಊರಾಯಿತು. ಏಣಿಯಲ್ಲಿ ಕದಲದೆ ನಿಂತದ್ದು ಕೆಳಗಿನ ಮೆಟ್ಟಿಲೊಂದೇ.

ಆ ಮೆಟ್ಟಿಲಿನ ಬಲ ಇದ್ದದ್ದು ಅವಳ ಡೈರಿಯಲ್ಲಿ. ಯಾವ ಮನೆಯಲ್ಲಿ ಏಳು ತಿಂಗಳ ಬಸುರಿ ಇದ್ದಾಳೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಟಿಬಿ ಮಾತ್ರೆ ನುಂಗುತ್ತಿದ್ದಾರೆ, ಯಾವ ಅಜ್ಜಿ ಒಬ್ಬಳೇ ಇದ್ದಾಳೆ ಎಂಬುದು ಯಾವ ಕಂಪ್ಯೂಟರಿಗಿಂತ ಮೊದಲು ಅವಳಿಗೆ ಗೊತ್ತು. 2020ರಲ್ಲಿ ಕರ್ನಾಟಕದ ಸುಮಾರು 42 ಸಾವಿರ ಆಶಾಗಳು 1.59 ಕೋಟಿ ಮನೆಗಳ ಸಮೀಕ್ಷೆಯಲ್ಲಿ ತೊಡಗಿ ಮುದುಕರನ್ನೂ ಬೇರೆ ಕಾಯಿಲೆ ಇರುವವರನ್ನೂ ಗುರುತು ಹಾಕಿದ್ದನ್ನು ಕೇಂದ್ರ ಆರೋಗ್ಯ ಸಚಿವಾಲಯವೇ ಎತ್ತಿ ಹೇಳಿತು. ಬೆಂಗಳೂರಿನಿಂದ, ಮುಂಬಯಿಯಿಂದ ದುಡಿಮೆ ಕಳೆದುಕೊಂಡು ಊರು ಸೇರಿದವರ ಪಟ್ಟಿ, ಕ್ವಾರಂಟೈನ್ ಆದವರ ನಿಗಾ ಎಲ್ಲವೂ ಅವಳ ತಲೆಗೇ. ಅಂಗನವಾಡಿ ಕಾರ್ಯಕರ್ತೆ ಆಹಾರದ ಪೊಟ್ಟಣ ಮನೆಗೆ ಮುಟ್ಟಿಸಿದಳು, ಗ್ರಾಮ ಪಂಚಾಯಿತಿಯ ಕಾರ್ಯಪಡೆ ಸಭೆ ಸೇರಿತು. ಯಾರ ಮನೆಗೆ ಏನು ಬೇಕು ಎಂಬ ಸುದ್ದಿ ಮಾತ್ರ ಹೆಚ್ಚಾಗಿ ಇವಳ ಬಾಯಿಂದಲೇ ಬರಬೇಕಿತ್ತು. ಈ ಬಗೆಯ ಹುಡುಕಾಟ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಟಿಬಿಯ ಲೆಕ್ಕ ನೋಡಬೇಕು. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಟಿಬಿ ರೋಗಿಗಳು ದಾಖಲಾಗಿದ್ದರು. 2020ರಲ್ಲಿ 18 ಲಕ್ಷ. ರೋಗ ಒಂದೇ ವರ್ಷದಲ್ಲಿ ಕಾಲು ಭಾಗ ಮಾಯವಾಗಲಿಲ್ಲ, ಹುಡುಕುವವರು ಬೇರೆ ಕೆಲಸದಲ್ಲಿದ್ದರು. ಆಶಾಳನ್ನೂ ಕೊರೊನಾ ಕೆಲಸಕ್ಕೇ ಕಟ್ಟಿಹಾಕಿದ್ದರ ಬೆಲೆಯೂ ಇದರಲ್ಲಿ ಸೇರಿದೆ.

ಇದಕ್ಕೆ ಮೊದಲ ಆಕ್ಷೇಪ ನೇರವಾದದ್ದು: ಜೀವ ಉಳಿಸಿದ್ದು ಆಕ್ಸಿಜನ್, ಡೈರಿ ಅಲ್ಲ. ಮಾತು ಒಪ್ಪತಕ್ಕದ್ದೇ. ಎರಡನೆಯ ಅಲೆಯಲ್ಲಿ ರಾಜ್ಯಕ್ಕೆ ಉಸಿರು ಕೊಟ್ಟ ದ್ರವ ಆಮ್ಲಜನಕದಲ್ಲಿ ಬಳ್ಳಾರಿಯ ಪಾಲು ಸಣ್ಣದಲ್ಲ. ಆದರೆ ಕೋವಿಡ್‌ನ ಒಂದು ಕಪಟವೆಂದರೆ, ರಕ್ತದಲ್ಲಿ ಆಮ್ಲಜನಕ 94ಕ್ಕಿಂತ ಕೆಳಗೆ ಇಳಿಯುತ್ತಿದ್ದರೂ ರೋಗಿ ಆರಾಮಾಗಿ ಮಾತಾಡಿಕೊಂಡು ಕೂತಿರಬಲ್ಲ. ಉಸಿರು ಕಟ್ಟಿದಾಗ ಹೊರಡುವವನಿಗೆ ಹಾಸಿಗೆ ಸಿಕ್ಕರೂ ಹೊತ್ತು ಮೀರಿರುತ್ತದೆ. ಬೆರಳಿಗೆ ಸಿಕ್ಕಿಸುವ ಪುಟ್ಟ ಆಕ್ಸಿಮೀಟರನ್ನು ಮನೆಮನೆಗೆ ಹೊತ್ತೊಯ್ದು, "ಅಣ್ಣಾ, ಇವತ್ತೇ ಹೊರಡ್ರಿ" ಎನ್ನುವ ಮನುಷ್ಯರಿದ್ದರೆ ಮಾತ್ರ ಸಾವಿರ ಹಾಸಿಗೆಯ ಆಸ್ಪತ್ರೆ ಸಾರ್ಥಕ. ಸರ್ಕಾರಕ್ಕೂ ಇದು ತಡವಾಗಿ ಹೊಳೆಯಿತು. ‘ವೈದ್ಯರ ನಡೆ ಹಳ್ಳಿ ಕಡೆ’ ಎಂಬ ಕಾರ್ಯಕ್ರಮ ಬಂದದ್ದು ಎರಡನೆಯ ಅಲೆ ಹಳ್ಳಿಗಳಿಗೆ ನುಗ್ಗಿದ ಮೇಲೆ, 2021ರ ಮೇನಲ್ಲಿ.

ಫೋನ್ ಇದೆ, ಆ್ಯಪ್ ಇದೆ, ಮನುಷ್ಯರೇ ಯಾಕೆ ಎಂಬುದು ಇನ್ನೊಂದು ಪ್ರಶ್ನೆ. 14410ರ ಆಪ್ತಮಿತ್ರ ಸಹಾಯವಾಣಿ 2020ರ ಏಪ್ರಿಲ್‌ನಲ್ಲೇ ಶುರುವಾಯಿತು, ಕರೆ ಮಾಡಲು ಬಲ್ಲವರಿಗೆ ಉಪಕಾರವೂ ಆಯಿತು. ಲಸಿಕೆಯ ಕಥೆ ಬೇರೆ. 2021ರ ಮೇ 1ರಿಂದ 18 ದಾಟಿದವರಿಗೆ ಲಸಿಕೆ ತೆರೆದಾಗ ಕೋವಿನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸುವುದು ಕಡ್ಡಾಯವಾಗಿತ್ತು. ಆ ಜಾಲತಾಣಕ್ಕೆ ಕನ್ನಡ ಬಂದದ್ದು ಜೂನ್‌ನಲ್ಲಿ. ಪೇಟೆಯ ಬೆರಳುಗಳು ಚುರುಕಾಗಿದ್ದುದರಿಂದ ಹಳ್ಳಿ ಕೇಂದ್ರಗಳ ಸ್ಲಾಟ್‌ಗಳನ್ನು ನಗರದವರು ಹಿಡಿದು ಕಾರಿನಲ್ಲಿ ಬಂದು ಚುಚ್ಚಿಸಿಕೊಂಡು ಹೋದ ಸುದ್ದಿಗಳು ರಾಜ್ಯದ ಪತ್ರಿಕೆಗಳಲ್ಲೇ ಬಂದವು. ಕೊನೆಗೆ ನೇರವಾಗಿ ಬಂದವರಿಗೂ ಲಸಿಕೆ ಎಂದಾಯಿತು. ಆಗ ಓಣಿಯ ಹೆಂಗಸರನ್ನು ಹೊರಡಿಸಿದ್ದು ಯಾವ ಓಟಿಪಿಯೂ ಅಲ್ಲ, ಆಶಾಳ ಮಾತು.

ಇವೆರಡಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ, ಅದಕ್ಕೆ ಪೂರ್ತಿ ಉತ್ತರವಿಲ್ಲ. ಆಶಾ ಬಾಗಿಲಿಗೆ ಬಂದರೆ ಎಷ್ಟೋ ಮನೆಗಳು ಬಾಗಿಲು ಹಾಕಿಕೊಂಡವು. ಅವಳಿಗೆ ಕೆಮ್ಮಿನ ಸುದ್ದಿ ಕೊಟ್ಟರೆ ಆಂಬುಲೆನ್ಸ್ ಬರುತ್ತದೆ, ಬೀದಿಯವರೆಲ್ಲ ನೋಡುತ್ತಾರೆ, ಗುಂಡಿಯ ಆ ವಿಡಿಯೊ ಕಣ್ಣಮುಂದೆ ಬರುತ್ತದೆ. ಹಳ್ಳಿಗಳಲ್ಲಿ ಸೋಂಕಿತರನ್ನು ಮನೆಯಲ್ಲೇ ಇಡುವಂತಿಲ್ಲ, ಆರೈಕೆ ಕೇಂದ್ರಕ್ಕೆ ಸಾಗಿಸಬೇಕು ಎಂದು 2021ರ ಮೇ ಕೊನೆಯಲ್ಲಿ ಸರ್ಕಾರ ಹೇಳಿದಾಗ ಅವಳ ಕೆಲಸ ಇನ್ನೂ ಇಕ್ಕಟ್ಟಾಯಿತು. ಊರಿನ ಮಗಳೂ ಅವಳೇ, ಇಲಾಖೆಯ ಕಣ್ಣೂ ಅವಳೇ. ಬಸುರಿಯ ವಿಷಯದಲ್ಲಿ ಈ ಎರಡು ಪಾತ್ರ ಹೊಂದಿಕೊಳ್ಳುತ್ತವೆ. ಜನ ಮುಚ್ಚಿಡಲು ಬಯಸುವ ಕಾಯಿಲೆಯಲ್ಲಿ ಒಂದು ಇನ್ನೊಂದನ್ನು ತಿನ್ನುತ್ತದೆ. ಇಷ್ಟಾದರೂ ಪೊಲೀಸರೋ ಪಂಚಾಯಿತಿ ಬಿಲ್ ಕಲೆಕ್ಟರೋ ಬಂದು ಕೇಳಿದ್ದರೆ ಸಿಗುತ್ತಿದ್ದ ಉತ್ತರಕ್ಕಿಂತ, ಹೋದ ವರ್ಷ ಮೊಮ್ಮಗಳ ಹೆರಿಗೆಗೆ ಜೊತೆಗೆ ಬಂದವಳಿಗೆ ಸಿಕ್ಕ ಉತ್ತರ ಹೆಚ್ಚು ನಿಜವಾಗಿರಲೇಬೇಕು. ಅವಳನ್ನು ದೂರುಗಾರ್ತಿಯಂತೆ ಕಾಣಿಸಿದ್ದು ಮೇಲಿನಿಂದ ಇಳಿದ ಆದೇಶಗಳು.

ಇಂಥವಳಿಗೆ ಕೊಟ್ಟದ್ದೆಷ್ಟು? 2020ರಲ್ಲಿ ರಾಜ್ಯದ ಗೌರವಧನ ತಿಂಗಳಿಗೆ 4,000 ರೂಪಾಯಿ, ಮೇಲೆ ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ, ಕೊರೊನಾಕ್ಕೆಂದು ಕೇಂದ್ರದ 1,000. ಆ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ, 12,000 ರೂಪಾಯಿ ಮತ್ತು ರಕ್ಷಣಾ ಸಾಮಗ್ರಿ ಕೇಳಿ ರಾಜ್ಯದ ಆಶಾಗಳು ಕೆಲಸ ನಿಲ್ಲಿಸಿದರು. ಸಂಬಳ ಕೊಟ್ಟರೆ ಸೇವಾಭಾವ ಹೋಗುತ್ತದೆ, ಅವಳೂ ಇನ್ನೊಬ್ಬ ನೌಕರಳಾಗುತ್ತಾಳೆ ಎನ್ನುವವರಿದ್ದಾರೆ. ವೈದ್ಯರಿಗೆ ಸಂಬಳ ಕೊಡುವಾಗ ಯಾರಿಗೂ ಈ ಅಂಜಿಕೆ ಬರುವುದಿಲ್ಲ. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಧರಣಿ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೈಸೇರುವ ಭರವಸೆ ಪಡೆದು ಊರಿಗೆ ಮರಳಿದರು. ಪ್ರೋತ್ಸಾಹಧನದ ಪಟ್ಟಿಯಲ್ಲಿ ಹೆರಿಗೆಗೆ ದರವಿದೆ, ಮಗುವಿನ ಲಸಿಕೆಗೆ ದರವಿದೆ. ಮನೆಗಳ ಪಟ್ಟಿ ಬರೆದಿಡುವುದಕ್ಕೂ ಸಣ್ಣದೊಂದು ಮೊತ್ತವಿದೆ. ಯಾವ ಮನೆಯಲ್ಲಿ ಯಾರಿದ್ದಾರೆ, ಅವರಿಗೇನಾಗಿದೆ ಎಂದು ವರ್ಷವಿಡೀ ತಿಳಿದಿಟ್ಟುಕೊಂಡಿರುವ ಅವಳ ಅರಿವಿನ ಬೆಲೆ ಆ ಮೊತ್ತದಲ್ಲಿ ಕಾಣುವುದಿಲ್ಲ. ಸಾಂಕ್ರಾಮಿಕ ಬಂದಾಗ ಸರ್ಕಾರ ಎಲ್ಲಕ್ಕಿಂತ ಮೊದಲು ಕೈಚಾಚಿದ್ದು ಆ ಅರಿವಿಗೇ.